ಹಗೇವಿನ ಅಕ್ಕಿ

"ಏನರ ಮಾಡ್ರಿ ಅಕ್ಕಾರ, ಈ ಮನ್ಯಾಗ ಉಡಿ ಮಾತ್ರ ತುಂಬಿಸ್ಕೋಬ್ಯಾಡ್ರಿ."

ಕಸಬರಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಪದ್ಮವ್ವ ಈ ಮಾತು ಹೇಳಿದಾಗ ಪ್ರಣಿತಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಅವಳು ಕೆಲಸಕ್ಕೆ ಸೇರಿ ಅದು ಮೂರನೆಯ ದಿನ.

"ಯಾಕಬೇ, ಉಡಿ ತುಂಬಿದ್ರ ಸೊಂಟ ನೋಯತೈತೇನು?"

"ನಗಬ್ಯಾಡ್ರಿ. ನಿಮಗೊಂದು ಕೂಸೈತಿ ಅಂತ ಕೇಳಿ ಹೇಳಾಕ್ಹತ್ತೇನಿ."

"ನಮ್ಮಪ್ಪ ಸಾಲಿ ಮಾಸ್ತರ ಇದ್ರು ಪದ್ಮವ್ವ. ನಮ್ಮ ಮನ್ಯಾಗ ಗ್ವಾಡಿ ಮ್ಯಾಲೆ ಇದ್ದದ್ದು ಬುದ್ಧನ ಫೋಟೋ ಒಂದ. ನಿಂಬಿಹಣ್ಣು, ತಾಯತ, ಮಾಟ ಇವಕ್ಕೆಲ್ಲಾ ನಮ್ಮ ವಿಳಾಸ ಗೊತ್ತಿಲ್ಲ. ಒಂದು ಕಪ್ ಚಹಾ ಮಾಡಿ ಕೊಡತೀಯೇನು?"

ಪದ್ಮವ್ವ ಏನೋ ಹೇಳಲು ಬಾಯಿ ತೆರೆದವಳು ಒಳಬಾಗಿಲಿನ ಕಡೆ ನೋಡಿ ಚಹಾ ಮಾಡಲು ನಡೆದಳು. ಚಹಾ ತಂದಿಟ್ಟು ಹೋಗುವಾಗಲೂ ಅವಳು ತಿರುಗಿ ನೋಡಲಿಲ್ಲ.

ಬೈಲಹೊಂಗಲದ ಜೋಡಬಾವಿ ವಾಡೆಯ ಮುಂದಿನ ಪಡಸಾಲೆಗೆ ಗಾಜು ಹಾಕಿಸಿ, ತಂಪು ಗಾಳಿಯ ಯಂತ್ರ ಕೂರಿಸಿ ಕಚೇರಿ ಮಾಡಿದ್ದರು. ಹತ್ತಿ ಜಿನ್ನು ಮಾರಿದ್ದು, ಧಾರವಾಡ ರಸ್ತೆಯ ಹೊಲ ಮಾರಿದ್ದು ಎಲ್ಲ ಸೇರಿ ಆ ಮನೆತನದ ಹಣ ಈಗ ಮುಂಬಯಿಯ ಫಂಡುಗಳಲ್ಲಿ, ಪುಣೆಯ ಗೋದಾಮುಗಳಲ್ಲಿ, ಎಲ್ಲೆಲ್ಲಿಯದೋ ಕಂಪನಿಗಳ ಷೇರುಗಳಲ್ಲಿ ಹರಡಿತ್ತು. ಅದನ್ನು ಕಾಯುವುದಕ್ಕಾಗಿ ಮನೆಯವರು ಇಟ್ಟುಕೊಂಡ ಸ್ವಂತ ಕಚೇರಿ ಅದು. ಹೊರಗಿನವರ ಒಂದು ರೂಪಾಯಿಯೂ ಅಲ್ಲಿಗೆ ಬರುತ್ತಿರಲಿಲ್ಲ, ಒಳಗಿನ ಒಂದು ಮಾತೂ ಹೊರಗೆ ಹೋಗುತ್ತಿರಲಿಲ್ಲ. ಯಜಮಾನನಾದ ಅಭಿಜಿತ ಪ್ರಣಿತಾಳಿಗಿಂತ ಎರಡು ವರ್ಷ ಚಿಕ್ಕವನು. ಗುಮಾಸ್ತ ನಿಜಗುಣಪ್ಪ ಪಾವತಿಗಳನ್ನು ಬರೆದಿಡುತ್ತಿದ್ದರು, ಪ್ರಣಿತಾ ನೋಡಿ ಒಪ್ಪಿಗೆ ಒತ್ತುತ್ತಿದ್ದಳು. ಅವಳ ಒಪ್ಪಿಗೆಯಿಲ್ಲದೆ ಆ ಮನೆಯ ಹಣ ಅಲುಗುತ್ತಿರಲಿಲ್ಲ. ಹಣಕಾಸು ಮುಖ್ಯಸ್ಥೆ ಎಂದು ಮೇಜಿನ ಮೇಲೆ ಹಿತ್ತಾಳೆಯ ಪಟ್ಟಿ ಇತ್ತು.

"ಅಕ್ಕಾರ, ನಿಮ್ಮ ಪುಣೆ ಅವಸರ ಇಲ್ಲಿ ನಡೆಯಂಗಿಲ್ಲರಿ," ಎಂದು ನಿಜಗುಣಪ್ಪ ಮೊದಲ ದಿನವೇ ಹೇಳಿದ್ದರು. "ಇಲ್ಲಿ ಊಟಕ್ಕ ಇನ್ನೊಂದು ರೊಟ್ಟಿ ಬೇಕಂದ್ರೂ ಎರಡು ಸಹಿ ಬೇಕು."

ಪುಣೆಯಲ್ಲಿ ಹನ್ನೆರಡು ವರ್ಷ ದುಡಿದು, ಮದುವೆ ಮುರಿದುಕೊಂಡು, ಪ್ರಣಿತಾ ಈ ಊರಿಗೆ ಬಂದದ್ದು ಒಂದೇ ಕಾರಣಕ್ಕೆ. ಒಂಬತ್ತು ವರ್ಷದ ಮಗಳು ರೇಣು ಧಾರವಾಡದಲ್ಲಿ ಅಣ್ಣ ಅರ್ಜುನನ ಮನೆಯಲ್ಲಿದ್ದಳು. ಜೂನ್ ತಿಂಗಳಿಗೆ ಅವಳನ್ನು ಕರೆತಂದು ಇಲ್ಲಿಯ ಸಾಲೆಗೆ ಹಾಕಬೇಕು, ತಾಯಿ ಮಗಳು ಒಂದೇ ಸೂರಿನ ಕೆಳಗೆ ಉಣ್ಣಬೇಕು. ಅದಕ್ಕೆಂದೇ ಎರಡು ಕೋಣೆಯ ಮನೆ ಹಿಡಿದಿದ್ದಳು. ಸಣ್ಣ ಮಂಚ ತಂದಿದ್ದಳು. ನೀಲಿ ಬಣ್ಣದ ಪಾಟಿಚೀಲ ತಂದು ಕಪಾಟಿನಲ್ಲಿ ಇಟ್ಟಿದ್ದಳು. ಅಲ್ಲಿಯವರೆಗೆ ಆ ಮನೆಯಲ್ಲಿ ಸಂಜೆ ಎನ್ನುವುದು ಬಹಳ ಉದ್ದ. ಕುಕ್ಕರು ಒಂದು ಸೀಟಿ ಹೊಡೆದರೆ ಅಡಿಗೆ ಮುಗಿಯಿತು. ಒಬ್ಬಳ ತಾಟು, ಒಬ್ಬಳ ಲೋಟ. ತೊಳೆದಿಟ್ಟ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಏಳು ಗಂಟೆಗೆ ರೇಣುವಿನ ಫೋನು ಬರುವವರೆಗೆ ಅವಳು ಬಾಗಿಲಲ್ಲಿ ನಿಂತು ಓಣಿಯ ದನಗಳು ಮನೆಗೆ ಹೋಗುವುದನ್ನು ನೋಡುತ್ತಿದ್ದಳು.

ಮೂರು ವಾರ ಕಳೆದ ಮೇಲೆ, ಒಂದು ಶುಕ್ರವಾರ, ಅಭಿಜಿತನ ಅಜ್ಜಿ ಮಥುರಾಬಾಯಿ ಅವಳನ್ನು ಒಳಗೆ ಕರೆಸಿದರು.

ಪ್ರಣಿತಾ ಕಚೇರಿಯ ಗಾಜಿನ ಬಾಗಿಲು ದಾಟಿ ವಾಡೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ದಪ್ಪ ಗೋಡೆಗಳ ನಡುವೆ ಹಗಲೂ ಮಬ್ಬು. ತೇಗದ ಕಂಬಗಳಿಗೆ ಹಚ್ಚಿದ ಎಣ್ಣೆಯ ವಾಸನೆ, ಧೂಪದ ವಾಸನೆ, ಅದರ ಅಡಿಯಲ್ಲಿ ಇನ್ನೂ ಒಂದು. ಬಹಳ ದಿನ ಮುಚ್ಚಿಟ್ಟ ಕಾಳಿನ, ಬೆವರಿದ ಮಣ್ಣಿನ ವಾಸನೆ. ಅವಳಿಗೆ ಅಜ್ಜಿ ಸಾವಂತ್ರೆವ್ವ ನೆನಪಾದಳು. ದೊಡವಾಡದಿಂದ ನಡೆದು ಬಂದು ಈ ಓಣಿ ದಾಟುವಾಗ ಅಜ್ಜಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಿದ್ದಳಂತೆ. ಅದೇ ಓಣಿಯ ವಾಡೆಯಲ್ಲಿ ಈಗ ಮೊಮ್ಮಗಳಿಗೆ ಮಣೆ ಹಾಕಿದ್ದರು.

"ಕೂಡು ಅವ್ವಾ," ಎಂದರು ಮಥುರಾಬಾಯಿ. ಎಂಬತ್ತು ದಾಟಿದ ಜೀವ. ಬಿಳಿ ಕೂದಲು, ಬಹಳ ಮೆತ್ತಗಿನ ದನಿ. "ಶುಕ್ರವಾರ ಅದ. ಮನಿ ಕೀಲಿಕೈ ಹಿಡಿದಾಕಿಗೆ ಉಡಿ ತುಂಬಬೇಕಂತ ನಮ್ಮಲ್ಲಿ ಪದ್ಧತಿ ಅದ."

"ನನ್ನ ಗಂಡನ್ನ ಬಿಟ್ಟೇನ್ರಿ ಅಜ್ಜಿ. ನನಗ ನಡೀತೈತೇನ್ರಿ?"

"ಮಗಳಿಗೆ ಉಡಿ ತುಂಬಲಿಕ್ಕೆ ಗಂಡನ್ನ ಯಾರು ಕೇಳತಾರ? ನನಗ ಹೆಣ್ಣಮಕ್ಕಳು ಉಳೀಲಿಲ್ಲ. ಇವತ್ತಿನಿಂದ ನೀನ ಈ ಮನಿ ಮಗಳು."

ಪ್ರಣಿತಾಳಿಗೆ ಪದ್ಮವ್ವನ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿ ನಗು ಬಂತು. ಆದರೆ ಆ ಮುದುಕಿ ತನ್ನ ತಲೆಗೂದಲನ್ನು ಹಿಂದಕ್ಕೆ ಸವರಿ ಹಣೆಗೆ ಕುಂಕುಮ ಇಟ್ಟಾಗ ನಗು ನಿಂತಿತು. ಹನ್ನೆರಡನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವಳು ಅವಳು. ಅಪ್ಪ ಹೋಗಿ ನಾಲ್ಕು ವರ್ಷ. ಯಾರಾದರೂ ಹೀಗೆ ತಲೆ ಮುಟ್ಟಿ ಎಷ್ಟು ಕಾಲವಾಗಿತ್ತು. ಅವಳು ಸೆರಗು ಚಾಚಿದಳು.

ಕುಬಸದ ಖಣ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಅಡಿಕೆ. ಆಮೇಲೆ ಬೊಗಸೆ ಬೊಗಸೆಯಾಗಿ ಅಕ್ಕಿ, ಐದು ಸಲ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಕಾದಿತ್ತು. ಉಡಿಯೊಳಗೆ ಬಿದ್ದ ಅಕ್ಕಿ ಮಾತ್ರ ಬಾವಿಯ ತಳದ ಕಲ್ಲಿನಂತೆ ತಣ್ಣಗಿತ್ತು. ಆ ತಣುವು ಸೀರೆ ದಾಟಿ, ಚರ್ಮ ದಾಟಿ, ರೇಣುವನ್ನು ಹೊತ್ತ ಜಾಗದಲ್ಲಿ ಹೋಗಿ ಕೂತಂತಾಯಿತು. ಬಾಗಿಲ ಮರೆಯಲ್ಲಿ ಪದ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಥುರಾಬಾಯಿಯ ಕಣ್ಣಲ್ಲಿ ನೀರಿತ್ತು. ಅದು ಪ್ರೀತಿಯೆಂದು ಪ್ರಣಿತಾ ತಿಳಿದಳು.

ಮನೆಗೆ ತಂದ ಅಕ್ಕಿಯನ್ನು ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಖಣವನ್ನೂ ಮೇಲೆ ಮಡಿಸಿಟ್ಟು ಮುಚ್ಚಿದಳು. ಬೆಳಗಾಗುವಷ್ಟರಲ್ಲಿ ಅಡಿಗೆಮನೆಯ ತುಂಬ ಆ ಮುಚ್ಚಿಟ್ಟ ಕಾಳಿನ ವಾಸನೆ.

ಮೊದಲು ಮರೆತವನು ಮುಂಬಯಿಯ ಫಂಡಿನವನು. ದಿನಾ ಹತ್ತು ಗಂಟೆಗೆ ಅವಳೊಂದಿಗೆ ಮಾತಾಡುವವನು, ಸೋಮವಾರ ಫೋನೆತ್ತಿ, ತಾವು ಯಾರು ಎಂದ. ಪ್ರಣಿತಾ ಹೆಸರು ಹೇಳಿದಳು. ಅವನು ಸೌಜನ್ಯದಿಂದ, ಹೊಸದಾಗಿ ಸೇರಿದಿರಾ ಎಂದು ಕೇಳಿದ. ಕೆಲಸದ ಒತ್ತಡ ಎಂದುಕೊಂಡು ಅವಳು ಬಿಟ್ಟಳು. ಮಂಗಳವಾರ, ಪ್ರಣಿತಾ ಮಧ್ಯಾಹ್ನ ದಿನವೂ ರೊಟ್ಟಿ ಉಣ್ಣುವ ಖಾನಾವಳಿಯವಳು, "ಯಾವ ಊರಾತ್ರಿ ನಿಮ್ದು?" ಎಂದಳು. ಬುಧವಾರ ಬ್ಯಾಂಕಿನ ಅಧಿಕಾರಿ ಅವಳ ಸಹಿಯನ್ನೂ ಮುಖವನ್ನೂ ಮೂರು ಸಲ ನೋಡಿದ. ಕಾಗದದಲ್ಲಿ ಎಲ್ಲ ಸರಿಯಾಗಿದೆ ಮೇಡಂ, ನಾನು ಮಾತ್ರ ನಿಮ್ಮನ್ನು ನೋಡಿದ ನೆನಪಿಲ್ಲ ಎಂದ. ಎರಡು ವಾರದ ಹಿಂದೆ ಅವನೇ ಅವಳಿಗೆ ಎಳನೀರು ತರಿಸಿ ಕೊಟ್ಟಿದ್ದ.

ಶುಕ್ರವಾರ ಬೆಳಿಗ್ಗೆ ಕಚೇರಿಯ ಗಾಜಿನ ಬಾಗಿಲು ತಳ್ಳಿದಾಗ ನಿಜಗುಣಪ್ಪ ಎದ್ದು ನಿಂತರು.

"ಬರ್ರಿ, ಕುಂದರ್ರಿ. ಯಾರನ್ನ ನೋಡಬೇಕಿತ್ರಿ?"

"ಇವತ್ತು ನಗಸೂ ಹುಕಿ ಬಂದೈತೇನ್ರಿ ನಿಜಗುಣಪ್ಪನೋರ?"

ಅವರು ನಗಲಿಲ್ಲ. ಅವಳು ತನ್ನ ಮೇಜಿನ ಕಡೆ ನಡೆದಾಗ ಗಾಬರಿಯಾಗಿ ಅಡ್ಡ ಬಂದರು. "ಅಕ್ಕಾರ, ಅದು ದೊಡ್ಡ ಅಧಿಕಾರಿಗಳು ಕೂಡೂ ಜಾಗಾರಿ. ಯಾರೂ ಇಲ್ಲ ಈಗ. ಹೊಸಬರು ಬರಾವರದಾರ."

ಹಿತ್ತಾಳೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅವಳು ಅದನ್ನು ಬೆರಳಿಟ್ಟು ತೋರಿಸಿದಳು. ನಿಜಗುಣಪ್ಪ ಓದಿದರು, ತಲೆಯಾಡಿಸಿದರು, ಒಂದು ಗಳಿಗೆ "ಹೌದಲ್ಲರಿ" ಎಂದರು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೇಳಿದರು. "ಯಾರನ್ನ ನೋಡಬೇಕಿತ್ರಿ?"

ಆ ಮಧ್ಯಾಹ್ನ ಪ್ರಣಿತಾ ಹಳೆಯ ಕಡತಗಳನ್ನು ಇಳಿಸಿದಳು. ಹಿಂದಿನ ವರ್ಷಗಳ ಲೆಕ್ಕಪತ್ರಗಳ ಕೊನೆಯ ಪುಟದಲ್ಲಿ, ತಾನು ಸಹಿ ಹಾಕುವ ಜಾಗದಲ್ಲಿ, ಬೇರೆ ಸಹಿಗಳಿದ್ದವು. ಒಂದು ಕೈ ಮೂರು ತಿಂಗಳು, ಇನ್ನೊಂದು ಎರಡು ತಿಂಗಳು, ಮತ್ತೊಂದು ಏಳೇ ವಾರ. ಮೂರೂ ಹೆಂಗಸರವು. ಯಾರಿವರು ಎಂದು ಕೇಳಿದರೆ ಅಭಿಜಿತ ಹುಬ್ಬು ಗಂಟು ಹಾಕಿ, "ಯಾರೋ ಇದ್ದರು," ಎಂದ. ಆಮೇಲೆ ಅವಳ ಕಡೆ ಕುತೂಹಲದಿಂದ ನೋಡಿ, "ನೀವು ಆಡಿಟಿಗೆ ಬಂದವರೇನ್ರಿ?" ಎಂದ.

ಸಂಜೆ ಏಳಕ್ಕೆ ಫೋನು ಬರಲಿಲ್ಲ. ಅವಳೇ ಮಾಡಿದಳು.

"ಹಲೋ?" ರೇಣುವಿನ ದನಿ. "ಯಾರು ಮಾತಾಡೋದು?"

"ನಾನು, ಪುಟ್ಟಿ."

ಆ ಕಡೆ ಉಸಿರು ಮಾತ್ರ. ಒಂದು, ಎರಡು, ಮೂರು. ಆಮೇಲೆ, "ಹಾಂ, ಅವ್ವ. ನಿನ್ನ ದನಿ ಗುರುತ ಸಿಗಲಿಲ್ಲಬೇ."

ಆ ಮೂರು ಉಸಿರಿನಷ್ಟು ಹೊತ್ತು ತನಗೆ ಈ ಲೋಕದಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಪ್ರಣಿತಾ ಆ ಇಡೀ ಸಂಜೆ ಲೆಕ್ಕ ಹಾಕುತ್ತ ಕೂತಳು. ಮೊದಲು ದೂರದವರು, ಆಮೇಲೆ ಹತ್ತಿರದವರು. ಇನ್ನು ಉಳಿದಿರುವುದು ಎಷ್ಟು ದಿನ? ಅಷ್ಟು ವರ್ಷ ನಂಬದೆ ಬದುಕಿದವಳು ಬೆಳಗಾದ ಕೂಡಲೇ ಪದ್ಮವ್ವನ ಮನೆ ಹುಡುಕಿಕೊಂಡು ಹೋದಳು.

ಪದ್ಮವ್ವ ಅವಳನ್ನು ಗುರುತಿಸಿದಳು. ಅದೇ ಭಯವಾಯಿತು.

"ನಾ ಮರೆಯಂಗಿಲ್ಲ ಅಕ್ಕಾರ. ಹಗ್ಗಕ್ಕ ಬುಟ್ಟಿ ಕಟ್ಟಿ ಹಗೇವಿನಿಂದ ಅಕ್ಕಿ ಎತ್ತಿ ಕೊಡಾಕಿ ನಾನ. ಹಿರೀ ಬಾಯಾರೂ ಮರೆಯಂಗಿಲ್ಲ, ತುಂಬಿದಾಕಿ ಅವರ. ಉಳಿದವರೆಲ್ಲಾ ಮರೀತಾರ. ಕಾಗದದಾಗ ಇರತೀರಿ ನೀವು, ಮಂದಿ ಮನಸಿನ್ಯಾಗ ಇರಂಗಿಲ್ಲ."

ಒಲೆಯ ಮುಂದೆ ಕೂತು, ದನಿ ತಗ್ಗಿಸಿ ಪದ್ಮವ್ವ ಹೇಳಿದಳು. ಸಂಪಗಾಂವದಲ್ಲಿ ತಾಲ್ಲೂಕು ಕಚೇರಿ ಇದ್ದ ಕಾಲ. ಆ ವಾಡೆಯ ಅಣ್ಣತಮ್ಮಂದಿರಿಗೆ ಒಬ್ಬಳೇ ತಂಗಿ, ಚಿಕ್ಕಂದಿನಲ್ಲೇ ಗಂಡ ಸತ್ತವಳು. ಹತ್ತಿ, ಜೋಳ, ಸಾಲಸೋಲ, ಮನೆಯ ಲೆಕ್ಕವನ್ನೆಲ್ಲ ಅವಳೇ ಇಡುತ್ತಿದ್ದಳು. ಹೊಟ್ಟೆಪಾಡಿಗೆ ಒಂದು ತುಂಡು ಹೊಲ ಬರೆದುಕೊಡಿ ಎಂದು ಕೇಳಿದ್ದಕ್ಕೆ ಅಣ್ಣಂದಿರು ಸಂಪಗಾಂವದ ಕಚೇರಿಯಲ್ಲಿ ಸಾಲಾಗಿ ನಿಂತು, ಈಕೆ ಯಾರೋ ನಮಗೆ ಗೊತ್ತಿಲ್ಲ ಎಂದರು. ಬರೆಸಿದರು. ಸಹಿ ಹಾಕಿದರು. ಅವಳು ರಾಮದುರ್ಗದ ಕಡೆಯ ಒಬ್ಬ ಮಾಟಗಾರನ ಬಳಿಗೆ ಹೋಗಿ ಹನ್ನೊಂದು ದಿನ ಇದ್ದು ಬಂದಳು. ಬಂದವಳು ತನ್ನ ಕೂದಲು, ಒಡೆದ ಬಳೆ, ಸೂಜಿ ಚುಚ್ಚಿದ ನಿಂಬೆಹಣ್ಣು, ಆ ಕಚೇರಿಯ ಕಾಗದ, ಎಲ್ಲವನ್ನೂ ಒಂದು ಗಡಿಗೆಗೆ ತುಂಬಿ, ಒಳಕೋಣೆಯ ಹಗೇವಿಗೆ ಇಳಿಬಿಟ್ಟು, ತಾನೂ ಇಳಿದಳು. ಹಗೇವೆಂದರೆ ಕಾಳು ಹಾಕಿಡುವ ನೆಲದೊಳಗಿನ ಕುಣಿ. ಅದರ ಕೆಟ್ಟ ಗಾಳಿಯಲ್ಲಿ ಮನುಷ್ಯರು ಉಳಿಯುವುದಿಲ್ಲ. ಯಾರೂ ಅವಳನ್ನು ಮೇಲೆತ್ತಲಿಲ್ಲ.

"ನಿಮ್ಮ ಮನಿ ಹೆಣ್ಣಮಕ್ಕಳನ್ನೂ ಮಂದಿ ಹಿಂಗ ಕೇಳಲಿ, ಯಾರ ಈಕಿ ಅಂತ ಕೇಳಲಿ, ಅಂದ್ಲಂತರಿ. ಆಕಿ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಿರೀ ಬಾಯಾರ ಇಬ್ಬರು ಹೆಣ್ಣಮಕ್ಕಳೂ ಹಂಗ ಹೋದ್ರು. ಈಗ ಮನ್ಯಾಗ ಅಭಿಜಿತಪ್ಪನ ಮಗಳು ಭಾವನಾ ಐತಿ, ನಾಕು ವರ್ಷದ ಕೂಸು. ಅದನ್ನ ಉಳಿಸಾಕ ಹೊರಗಿನ ಹೆಣ್ಣಮಗಳ ಕೈಯಾಗ ಲೆಕ್ಕ ಕೊಟ್ಟು, ಉಡಿ ತುಂಬಿ, ಮಗಳ ಅಂತ ಮಾಡತಾರ. ಅದು ಆಕೀನ್ನ ತಗೊಂಡು ಒಂದೆರಡು ವರ್ಷ ಸುಮ್ಮಕಾಗತೈತಿ. ಮೂರು ಮಂದಿ ಆದ್ರು."

"ಅವರೆಲ್ಲಾ ಎಲ್ಲಿ ಹೋದ್ರು?"

"ಇಬ್ಬರ ಸುದ್ದಿ ಗೊತ್ತಿಲ್ಲ. ಒಬ್ಬಾಕಿ ಸವದತ್ತಿ ಬಸ್‌ಸ್ಟ್ಯಾಂಡಿನ್ಯಾಗ ಕುಂದರತಾಳಂತ ಕೇಳೇನಿ."

ಪ್ರಣಿತಾ ಆ ಹೊತ್ತೇ ಸವದತ್ತಿಯ ಬಸ್ಸು ಹತ್ತಿದಳು. ನಡುಮಧ್ಯಾಹ್ನ. ದೇವಿಯ ಗುಡ್ಡಕ್ಕೆ ಹೋಗುವವರ ಗದ್ದಲ, ಭಂಡಾರದ ಹಳದಿ, ಡೀಸೆಲ್ಲಿನ ಹೊಗೆ. ಕೊನೆಯ ಕಂಬದ ಬುಡದಲ್ಲಿ, ಒಂದು ಕಾಲದಲ್ಲಿ ಒಳ್ಳೆಯದಿದ್ದ ಸೀರೆ ಉಟ್ಟ ಹೆಂಗಸು ಕೂತಿದ್ದಳು. ಹೋಗುವವರ ಮುಂದೆ ಆಧಾರ್ ಕಾರ್ಡು ಚಾಚುತ್ತಿದ್ದಳು. ಅದರ ಅಂಚು ಸವೆದು ಬೆಳ್ಳಗಾಗಿತ್ತು. ಭಿಕ್ಷೆಯೆಂದು ತಿಳಿದು ಕೆಲವರು ನಾಣ್ಯ ಹಾಕುತ್ತಿದ್ದರು. ಅವಳು ನಾಣ್ಯ ಮುಟ್ಟುತ್ತಿರಲಿಲ್ಲ.

"ಓದ್ರಿ," ಎಂದಳು ಪ್ರಣಿತಾಳಿಗೆ. "ಜೋರಾಗಿ ಓದ್ರಿ ನನ್ನ ಹೆಸರು."

ಪ್ರಣಿತಾ ಓದಿದಳು. ಹೆಂಗಸು ಕಣ್ಣು ಮುಚ್ಚಿ ಕೇಳಿದಳು, ತಣ್ಣೀರು ಕುಡಿದವಳ ಹಾಗೆ. ಬಸ್ಸಿನ ಬಾಗಿಲಿಗೆ ಬರುವಷ್ಟರಲ್ಲಿ ಆ ಹೆಸರು ಪ್ರಣಿತಾಳ ತಲೆಯಲ್ಲಿ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ.

ಭಾನುವಾರ ಧಾರವಾಡಕ್ಕೆ ಹೋಗುವ ಧೈರ್ಯ ಅವಳಿಗೆ ಬರಲಿಲ್ಲ. ಮಗಳೇ ಬಾಗಿಲು ತೆರೆದು, ಯಾರು ನೀವು ಎಂದು ಕೇಳಿಬಿಟ್ಟರೆ? ಫೋನು ಮಾಡಿದಳು. ಈ ಸಲ ಆರು ಉಸಿರು. ಮರುದಿನ ಒಂಬತ್ತು. ಮಂಗಳವಾರ ರೇಣು, "ಅರ್ಜುನ ಮಾಮಾ, ಯಾರೋ ಅಕ್ಕಾರ ಫೋನ್ ಮಾಡ್ಯಾರ," ಎಂದು ಕೂಗಿದಳು. ಅರ್ಜುನ ಫೋನು ಹಿಡಿದು ಬಹಳ ಹೊತ್ತು ತಡವರಿಸಿ, "ತಂಗಿ?" ಎಂದ. ತನ್ನ ತಂಗಿಯ ಹೆಸರು ಹೇಳಲು ಅವನಿಗೆ ಆಗಲಿಲ್ಲ.

ಬುಧವಾರ ವಾಡೆಯವರೆಲ್ಲ ಬೆಳಗಾವಿಗೆ ಒಂದು ಲಗ್ನಕ್ಕೆ ಹೋದರು. ಮಥುರಾಬಾಯಿಯೊಬ್ಬರೇ ಉಳಿದಿದ್ದರು. ಹನ್ನೆರಡು ಗಂಟೆಯ ಸುಮಾರಿಗೆ ಪದ್ಮವ್ವ ಹಿತ್ತಿಲ ಬಾಗಿಲು ತೆರೆದಳು. ಪ್ರಣಿತಾಳ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. ಒಂದು ಕಾಳೂ ಬೇಯಿಸಿರಲಿಲ್ಲ. ಅದೇ ಪುಣ್ಯ ಎಂದಿದ್ದಳು ಪದ್ಮವ್ವ. ಉಂಡಿದ್ದರೆ ದಾರಿ ಇರುತ್ತಿರಲಿಲ್ಲ, ಉಣ್ಣದ ಅಕ್ಕಿಯನ್ನು ಬಂದ ಹಗೇವಿಗೇ ಸುರಿದು ಹಿಂದಿರುಗಿಸಿದರೆ ಬಿಡುಗಡೆಯಾಗುತ್ತದಂತೆ.

ನಡುಮನೆಯಲ್ಲಿ ಮಥುರಾಬಾಯಿ ಎದುರಾದರು. ಕಂಬ ಹಿಡಿದು ನಿಂತಿದ್ದರು. ಡಬ್ಬಿಯನ್ನು ನೋಡಿದರು.

"ಬಯ್ಯೋದಿದ್ದರ ಬಯ್ಯಿ ಅವ್ವಾ," ಎಂದರು. "ನನಗೂ ಇಬ್ಬರಿದ್ದರಂತ. ಒಂದು ಮುಂಜಾನೆ ಅವರ ಫೋಟೋ ಕೈಯಾಗ ಹಿಡಕೊಂಡು, ಇವರು ಯಾರು ಅಂತ ನಾನ ಕೇಳಿದೆ."

"ನನಗಿರೂದು ಒಂದ ಮಗಳು ಅಜ್ಜಿ. ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ತು."

ಮುದುಕಿ ಗೋಡೆಯ ಕಡೆ ಸರಿದು ದಾರಿ ಬಿಟ್ಟರು.

ಒಳಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಸುಡುವ ಬಿಸಿಲು, ಇಲ್ಲಿ ಅಂಗೈ ಕಾಣದ ಕತ್ತಲೆ. ಪದ್ಮವ್ವ ಕಂದೀಲು ಹಚ್ಚಿದಳು. ನೆಲದಲ್ಲಿ ಉಂಗುರ ಹಾಕಿದ ಕಲ್ಲುಚಪ್ಪಡಿ. ಇಬ್ಬರೂ ಸೇರಿ ಎಳೆದಾಗ ಕಲ್ಲು ನರಳಿತು. ವಾಸನೆ ಎದ್ದು ಬಂದು ಮುಖಕ್ಕೆ ಅಪ್ಪಳಿಸಿತು. ಹುಳಿತ ಕಾಳು, ಹಸಿ ಮಣ್ಣು, ಸುಟ್ಟ ಕೂದಲು. ಪದ್ಮವ್ವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ಒಂದಾಳುದ್ದ ಇಳಿಯುವಷ್ಟರಲ್ಲಿ ಬೆಳಕು ಸಣ್ಣದಾಯಿತು, ನೀಲಿಯಾಯಿತು, ಆರಿತು.

"ಇಳೀಬ್ಯಾಡ್ರಿ. ಇಲ್ಲಿಂದನ ಸುರೀರಿ," ಎಂದಳು ಕತ್ತಲೆಯಲ್ಲಿ ಪದ್ಮವ್ವ. "ಕೆಳಗಿಂದ ಕೇಳತೈತಿ. ಸತ್ತವರ ಹೆಸರು ಹೇಳ್ರಿ, ಅದಕ್ಕ ಬೇಕಾಗಂಗಿಲ್ಲ. ಬದುಕಿದ್ದವರ ಹೆಸರು ಒಂದೂ ಹೇಳಬ್ಯಾಡ್ರಿ, ನಿಮ್ಮದೂ ಬ್ಯಾಡ. ಹೇಳಿದ್ದು ಅಲ್ಲೇ ಉಳಿತೈತಿ. ನಾ ಬಾಗಲದಾಗ ಇರತೇನಿ. ಒಳಗ ನಿಂದ್ರಾಕ ನನ್ನ ಕೈಲಿ ಆಗಂಗಿಲ್ಲ."

ಹೆಜ್ಜೆ ಸಪ್ಪಳ ದೂರವಾಯಿತು. ಬಾಗಿಲು ಮುಚ್ಚಿತು.

ಪ್ರಣಿತಾ ಮಂಡಿಯೂರಿದಳು. ಡಬ್ಬಿ ಬಗ್ಗಿಸಿದಳು. ಅಕ್ಕಿ ಜಾರಿತು. ಬಿದ್ದ ಸದ್ದು ಬರಲಿಲ್ಲ. ಯಾರೋ ಉಡಿಯೊಡ್ಡಿ ಹಿಡಿದಂತೆ, ಬರಲೇ ಇಲ್ಲ.

ಆಮೇಲೆ ಕೆಳಗಿನಿಂದ ಒಂದು ದನಿ. ಮುದುಕಿಯದೂ ಅಲ್ಲ, ಹರೆಯದ್ದೂ ಅಲ್ಲ. ಬಹಳ ದಣಿದದ್ದು.

"ಯಾರ ನೀನು?"

"ಗೌತಮ ಮಾಸ್ತರ ಮಗಳು."

"ಈ ಮನಿ ಮಗಳಲ್ಲ?"

"ಅಲ್ಲ. ಗೌತಮ ಮಾಸ್ತರ ಮಗಳು."

"ಯಾರ ಮೊಮ್ಮಗಳು?"

"ಸಾವಂತ್ರೆವ್ವನ ಮೊಮ್ಮಗಳು."

ಉಡಿಯ ಜಾಗದಲ್ಲಿ ಕೂತಿದ್ದ ತಣುವು ಕರಗತೊಡಗಿತು. ಮೈಗೆ ಬಿಸಿ ಬಂತು. ಮುಗಿಯಿತು ಎಂದುಕೊಂಡಳು. ಚಪ್ಪಡಿಯ ಉಂಗುರಕ್ಕೆ ಕೈ ಹಾಕಿದಳು.

"ಅವ್ವ."

ಕೈ ನಿಂತಿತು. ಅದು ರೇಣುವಿನ ದನಿ. ಮುಂದಿನ ಹಲ್ಲು ಬಿದ್ದ ಮೇಲೆ ತುಸು ಗಾಳಿ ಬೆರೆತ ಅದೇ ದನಿ.

ಅಲ್ಲ. ರೇಣು ಧಾರವಾಡದಲ್ಲಿದ್ದಾಳೆ. ಇದು ಅವಳಲ್ಲ. ಪ್ರಣಿತಾ ಕಿವಿ ಮುಚ್ಚಿದಳು. ದನಿ ಕಿವಿಯಿಂದ ಬರುತ್ತಿರಲಿಲ್ಲ.

"ಅವ್ವ, ಇಲ್ಲಿ ಭಾಳ ಕತ್ತಲೈತಿ. ಯಾರೂ ಇಲ್ಲ."

ಅವಳು ತುಟಿ ಕಚ್ಚಿದಳು. ರಕ್ತದ ರುಚಿ. ಕಲ್ಲು ಎಳೆದಳು. ಕಲ್ಲು ಕದಲಲಿಲ್ಲ.

"ನನ್ನ ಗುರುತ ಸಿಗಲಿಲ್ಲೇನಬೇ? ಎಲ್ಲಾರೂ ಯಾರ ನೀನು ಅಂತಾರ. ನೀನೂ ಅಂತೀಯೇನು?"

ಇಲ್ಲ. ಇಲ್ಲ ಪುಟ್ಟಿ. ಹೆಸರು ಹೇಳಬಾರದು. ಹೇಳಬಾರದು. ಹೇಳಬಾರದು.

"ನನ್ನ ಹೆಸರೇನು, ಅವ್ವ? ಒಂದ ಸಲ ಹೇಳು. ಅಷ್ಟ ಸಾಕು."

ಕತ್ತಲೆ. ಉಸಿರು. ಅಳು. ಹಸಿದು ಎದ್ದ ಕೂಸಿನ ಅಳು. ಆ ಅಳುವಿಗೆ ಒಂಬತ್ತು ವರ್ಷ ಓಡಿ ಹೋಗಿ ಅಭ್ಯಾಸವಾದ ದೇಹ ಅವಳದು. ಅದು ಬುದ್ಧಿಯನ್ನು ಕೇಳಲಿಲ್ಲ.

"ರೇಣು," ಎಂದಳು ಪ್ರಣಿತಾ. "ನೀನು ರೇಣು. ನನ್ನ ರೇಣು."

ಅಳು ನಿಂತಿತು. ಕೆಳಗೆ ಯಾರೋ ತೃಪ್ತಿಯಿಂದ ನಿಟ್ಟುಸಿರು ಬಿಟ್ಟರು. ಚಪ್ಪಡಿ ತಾನಾಗಿ ಜಾರಿ, ಬೆರಳು ತಪ್ಪಿಸಿ, ಕೂತಿತು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಬಹಳ ಹಗುರವಾಗಿತ್ತು ಮೈ. ಎದೆಯೊಳಗೆ ಎಲ್ಲೋ ಒಂದು ಕೋಣೆಯನ್ನು ಗುಡಿಸಿ ಖಾಲಿ ಮಾಡಿದಂತೆ. ಪದ್ಮವ್ವ ಕೈ ಹಿಡಿದು, "ಆತೇನ್ರಿ?" ಎಂದಳು. ಪ್ರಣಿತಾ ತಲೆಯಾಡಿಸಿದಳು. ಫೋನು ರಿಂಗಾಯಿತು.

"ಅಕ್ಕಾರ, ಎಲ್ಲಿ ಹೋಗಿರಿ?" ನಿಜಗುಣಪ್ಪನವರು ಬೆಳಗಾವಿಯ ಲಗ್ನದ ಮನೆಯಿಂದ ಮಾತಾಡುತ್ತಿದ್ದರು. "ಮುಂಬಯಿಯವರು ನಿಮ್ಮ ಹೆಸರು ಹಿಡಕೊಂಡು ಮುಂಜಾನಿಂದ ಒಂದ ಸವನ ಕೇಳಾಕ್ಹತ್ಯಾರ. ಬೂಂದಿ ಲಾಡು ಕಟ್ಟಿಸಿ ತರಲೇನ್ರಿ? ಅದಕ್ಕ ಸಹಿ ಬೇಕಾಗಿಲ್ಲ."

ಅವಳು ಜೋರಾಗಿ ನಕ್ಕಳು. ನಕ್ಕು ಎಷ್ಟೋ ದಿನವಾಗಿತ್ತು. ಸಂಜೆಯೇ ರಾಜೀನಾಮೆ ಬರೆದು ಕಳಿಸಿದಳು. ಖಾನಾವಳಿಯವಳು ಕಂಡ ಕೂಡಲೇ ಹೆಸರು ಹಿಡಿದು ಕರೆದಳು. ಏಳು ಗಂಟೆಗೆ ಅರ್ಜುನನ ಫೋನು ಬಂತು. "ತಂಗಿ, ನಾಳೆ ಮುಂಜಾನೆ ಬರತೇವಿ. ಇಲ್ಲಿ ಅಳೂದು ನಿಂತಿಲ್ಲ," ಎಂದ. ಅಣ್ಣನ ದನಿ ಕೇಳಿ ಅವಳಿಗೆ ಹಿಗ್ಗಾಯಿತು. ಅಳುವವರು ಯಾರೆಂದು ಕೇಳಲು ಮರೆತಳು. ಅಣ್ಣನ ಹೆಂಡತಿ, ವಹಿನಿ ಇರಬೇಕು.

ಬೆಳಿಗ್ಗೆ ಸಾಮಾನು ಕಟ್ಟಲು ಕೂತಾಗ ಕಪಾಟಿನಲ್ಲಿ ನೀಲಿಯ ಪಾಟಿಚೀಲವೊಂದು ಸಿಕ್ಕಿತು. ಬೆಲೆಯ ಚೀಟಿ ಇನ್ನೂ ಇತ್ತು. ಮೊದಲಿದ್ದ ಬಾಡಿಗೆಯವರದಿರಬೇಕು. ಆ ಸಣ್ಣ ಮಂಚವೂ ಅವರದೇ ಇರಬೇಕು. ಎರಡನ್ನೂ ಮನೆಯೊಡತಿಗೆ ಒಪ್ಪಿಸಿ ಹೋಗಬೇಕೆಂದು ಬಾಗಿಲ ಬಳಿ ಇಟ್ಟಳು.

ಒಂಬತ್ತರ ಹೊತ್ತಿಗೆ ಅರ್ಜುನ ಬಂದ. ಅವನ ಹಿಂದೆ ಎರಡು ಜಡೆಯ ಹುಡುಗಿ. ಕಣ್ಣು ಅತ್ತು ಊದಿದ್ದವು. ಬಾಗಿಲು ತೆರೆದದ್ದೇ ತಡ, ಹುಡುಗಿ ಓಡಿ ಬಂದು ಅವಳ ಸೊಂಟವನ್ನು ಬಿಗಿಯಾಗಿ ಅಪ್ಪಿಕೊಂಡಿತು. 

"ನಿನ್ನ ಗುರುತ ಸಿಗತೈತಿ ಈಗ. ಸಿಗತೈತಿ ಅವ್ವ. ಸಿಟ್ಟಾಗಬ್ಯಾಡ."

ಪ್ರಣಿತಾಳ ಕೈ ತಾನಾಗಿ ಆ ತಲೆಯ ಮೇಲೆ ಹೋಯಿತು. ಎಳೆಯ ಕೂದಲು, ಕೊಬ್ಬರಿ ಎಣ್ಣೆಯ ವಾಸನೆ. ಎರಡೂ ಜಡೆಯನ್ನು ಯಾರೂ ಸರಿಯಾಗಿ ಹೆಣೆದಿರಲಿಲ್ಲ. ಮಗು ಹೀಗೆ ನಡುಗುತ್ತಿರುವುದನ್ನು ನೋಡಿ ಅವಳಿಗೆ ಕರುಳು ಚುರಕ್ಕೆಂದಿತು. ಅವಳು ಮೆಲ್ಲಗೆ ಆ ಕೈಗಳನ್ನು ಬಿಡಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಕೆನ್ನೆ ಒರೆಸಿದಳು.

"ಅಳಬಾರದು ಪುಟ್ಟಿ. ನೀರು ಕುಡಿತೀಯೇನು?" ಎಂದಳು. ಆಮೇಲೆ ತಲೆಯೆತ್ತಿ, "ಯಾರ ಮಗಳೋ ಅಣ್ಣಾ ಇದು?" ಎಂದು ಕೇಳಿದಳು.

ಅರ್ಜುನ ನಗಲು ಹೋಗಿ ನಿಂತ. ಹುಡುಗಿ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿತ್ತು. ಪಾಪ, ಕೂಸನ್ನು ಹೀಗೆ ಬಿಟ್ಟು ತಾಯಿ ಎಲ್ಲಿ ಹೋದಳೋ ಎಂದು ಪ್ರಣಿತಾ ಆ ಪುಟ್ಟ ಹೆಗಲ ಮೇಲಿಂದ ಬಗ್ಗಿ ಹೊರಗೆ ನೋಡಿದಳು. ಓಣಿಯ ತುದಿಯವರೆಗೂ ಯಾರೂ ಬರುತ್ತಿರಲಿಲ್ಲ.